ಸಿ. ಎಂ. ಪೂಣಚ್ಚ: ಕೊಡಗು ರಾಜ್ಯ ಮತ್ತು ವಿಲೀನದ ರಾಜಕಾರಣ

ಕರ್ನಾಟಕ ಏಕೀಕರಣದ ಚರಿತ್ರೆಯಲ್ಲಿ ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ ಹಾಗೂ ಹಳೆಯ ಮೈಸೂರು ಪ್ರಾಂತಗಳಿಗೆ ವಿಸ್ತಾರವಾದ ಅಧ್ಯಾಯಗಳು ಮೀಸಲಾಗಿವೆ. ಕೊಡಗಿನ ಪಾಲಿಗೆ ಸಾಮಾನ್ಯವಾಗಿ ದೊರೆಯುವುದು ಒಂದು ವಾಕ್ಯ ಮಾತ್ರ: 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನೊಳಗೆ ಸೇರಿತು ಎಂಬುದು. ಈ ಒಂದು ವಾಕ್ಯದ ಹಿಂದೆ ಸ್ವಂತ ವಿಧಾನಸಭೆ, ಸ್ವಂತ ಮಂತ್ರಿಮಂಡಲ ಹಾಗೂ ಸ್ವಂತ ವಿರೋಧಪಕ್ಷವಿದ್ದ ಒಂದು ರಾಜ್ಯದ ಬದುಕಿದೆ ಎಂಬುದು ಮರೆವಿಗೆ ಸಂದಿದೆ. ಆ ರಾಜ್ಯದ ಮೊದಲ ಮತ್ತು ಕೊನೆಯ ಮುಖ್ಯಮಂತ್ರಿ ಚೆಪ್ಪುಡೀರ ಮುತ್ತಣ್ಣ ಪೂಣಚ್ಚನವರು. ತಾವು ಮುಖ್ಯಸ್ಥರಾಗಿದ್ದ ರಾಜ್ಯವು ದೊಡ್ಡದೊಂದು ರಾಜ್ಯದಲ್ಲಿ ಲೀನವಾಗಬೇಕೆಂಬ ನಿಲುವಿನ ಪಕ್ಷವನ್ನು ಮುನ್ನಡೆಸಿ ಗೆದ್ದವರು ಅವರು. ಈ ವಿರೋಧಾಭಾಸವನ್ನು ಬಿಡಿಸಿ ನೋಡದೆ ಅವರ ಜೀವನವಾಗಲಿ, ಕೊಡಗಿನ ವಿಲೀನವಾಗಲಿ ಅರ್ಥವಾಗುವುದಿಲ್ಲ.

ಹಿನ್ನೆಲೆ

ಪೂಣಚ್ಚನವರು ಜನಿಸಿದ್ದು 1910ರಲ್ಲಿ. ಕೊಡವ ಸಂಪ್ರದಾಯದಂತೆ ಅವರ ಹೆಸರಿನ ಮೊದಲ ಭಾಗ ಒಕ್ಕದ್ದು, ಎರಡನೆಯದು ತಂದೆಯದು, ಕೊನೆಯದು ಅವರದು. ಒಕ್ಕ, ಐನ್‌ಮನೆ, ಜಮ್ಮಾ ಭೂಮಿ ಇವು ಮೂರೂ ಸೇರಿ ಕೊಡವರ ಸಾಮಾಜಿಕ ಬದುಕನ್ನು ರೂಪಿಸಿದ್ದವು. ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ರಿಯಾಯಿತಿ ಕಂದಾಯದ ಮೇಲೆ ವಂಶಪಾರಂಪರ್ಯವಾಗಿ ದೊರೆತ ಜಮ್ಮಾ ಹಿಡುವಳಿಯು ಬ್ರಿಟಿಷ್ ಆಡಳಿತದಲ್ಲಿಯೂ ಮುಂದುವರಿದಿತ್ತು. ನೆಲದ ಮೇಲಿನ ಹಕ್ಕು ಮತ್ತು ಕೋವಿಯ ಹಕ್ಕು ಎರಡನ್ನೂ ಒಂದು ವಿಶೇಷ ಒಪ್ಪಂದದಂತೆ ಭಾವಿಸುತ್ತ ಬಂದ ಸಮಾಜ ಅದು. ಆಡಳಿತದ ಗಡಿ ಬದಲಾದರೆ ಈ ಒಪ್ಪಂದದ ಗತಿಯೇನು ಎಂಬ ಆತಂಕವು ಮುಂದೆ ವಿಲೀನದ ಚರ್ಚೆಯಲ್ಲಿ ಒಳಗೊಳಗೇ ಕೆಲಸ ಮಾಡಿತು.

ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. ನೆರೆಯ ಮೈಸೂರಿಗಾಗಲಿ ಮದರಾಸಿಗಾಗಲಿ ಅದನ್ನು ಪೂರ್ಣವಾಗಿ ಸೇರಿಸದೆ ಪ್ರತ್ಯೇಕ ಪ್ರಾಂತವಾಗಿ ಉಳಿಸಿಕೊಳ್ಳಲಾಯಿತು. ದೀರ್ಘಕಾಲ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರೂ ಆಗಿರುತ್ತಿದ್ದರು. 1924ರಲ್ಲಿ ಕೊಡಗು ಶಾಸನ ಪರಿಷತ್ತು ಆರಂಭವಾಯಿತು. ಹೀಗೆ ಒಂದು ಶತಮಾನಕ್ಕೂ ಮಿಕ್ಕ ಪ್ರತ್ಯೇಕ ಆಡಳಿತವು ಪ್ರತ್ಯೇಕ ರಾಜಕೀಯ ಪ್ರಜ್ಞೆಯನ್ನೂ ಬೆಳೆಸಿತು.

ಭಾಷೆಯ ದೃಷ್ಟಿಯಿಂದ ಚಿತ್ರ ಬೇರೆಯಾಗಿತ್ತು. ಹಾಲೇರಿ ಅರಸರ ಆಡಳಿತ ಭಾಷೆ ಕನ್ನಡ. ದೊಡ್ಡವೀರರಾಜೇಂದ್ರನ ಕಾಲದ ರಾಜೇಂದ್ರನಾಮೆ ಕನ್ನಡದ ಕೃತಿ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಮೌಖಿಕ ಪರಂಪರೆಯನ್ನು ಪಟ್ಟೋಲೆ ಪಳಮೆಯಲ್ಲಿ ಸಂಗ್ರಹಿಸಿದಾಗ ಬಳಸಿದ ಲಿಪಿಯೂ ಕನ್ನಡದ್ದೇ. 1932ರಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ನಡೆಯಿತು. ಆದರೆ ಮನೆಮಾತುಗಳ ಲೆಕ್ಕದಲ್ಲಿ ಕೊಡಗು ಬಹುಭಾಷಿಕ ಸೀಮೆ. ಕನ್ನಡ, ಕೊಡವ, ಅರೆಭಾಷೆ, ತುಳು, ಮಲೆಯಾಳ ಇವೆಲ್ಲವೂ ಅಲ್ಲಿ ಬಳಕೆಯಲ್ಲಿದ್ದವು. ಕನ್ನಡಿಗರು ಅತಿ ದೊಡ್ಡ ಗುಂಪಾಗಿದ್ದರೂ ಒಟ್ಟು ಜನಸಂಖ್ಯೆಯಲ್ಲಿ ಅರ್ಧದಷ್ಟಿರಲಿಲ್ಲ. ಆದುದರಿಂದ ಭಾಷೆಯ ಆಧಾರವೊಂದರಿಂದಲೇ ಕೊಡಗಿನ ಪ್ರಶ್ನೆಯನ್ನು ಇತ್ಯರ್ಥಗೊಳಿಸುವುದು ಸುಲಭವಾಗಿರಲಿಲ್ಲ.

ಸೆರೆಮನೆಯಿಂದ ಸಂವಿಧಾನ ಸಭೆಗೆ

ಪೂಣಚ್ಚನವರ ಸಾರ್ವಜನಿಕ ಜೀವನ ಆರಂಭವಾದದ್ದು ಕಾನೂನುಭಂಗ ಚಳವಳಿಯಲ್ಲಿ. ಸೈನ್ಯಕ್ಕೆ ಮತ್ತು ಸರಕಾರಿ ನೌಕರಿಗೆ ಮಕ್ಕಳನ್ನು ಕಳುಹಿಸುವುದನ್ನು ಗೌರವವೆಂದು ಭಾವಿಸಿದ್ದ ಸಮಾಜದಲ್ಲಿ ಆ ಸರಕಾರವನ್ನೇ ಧಿಕ್ಕರಿಸಿ ಸೆರೆಮನೆ ಸೇರುವುದು ಸಾಮಾನ್ಯ ಆಯ್ಕೆಯಾಗಿರಲಿಲ್ಲ. 1930ರ ದಶಕದ ಆರಂಭದಲ್ಲಿ ಅವರು ಸೆರೆವಾಸ ಅನುಭವಿಸಿದರು. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಹರಿಜನೋದ್ಧಾರ ಪ್ರವಾಸದ ಅಂಗವಾಗಿ ಕೊಡಗಿಗೆ ಬಂದುಹೋದ ಮೇಲೆ ಅಲ್ಲಿಯ ಕಾಂಗ್ರೆಸ್ ಚಟುವಟಿಕೆಗೆ ಹೊಸ ಚಾಲನೆ ದೊರೆಯಿತು. ಮುಂದೆ ವೈಯಕ್ತಿಕ ಸತ್ಯಾಗ್ರಹದಲ್ಲಿಯೂ 1942ರ ಚಳವಳಿಯಲ್ಲಿಯೂ ಪೂಣಚ್ಚನವರು ಮತ್ತೆ ಬಂಧನಕ್ಕೊಳಗಾದರು. ಇವುಗಳ ನಡುವೆ ಜಿಲ್ಲಾ ಬೋರ್ಡಿನ ಕಾರ್ಯದ ಮೂಲಕ ಸ್ಥಳೀಯ ಆಡಳಿತದ ಅನುಭವವನ್ನೂ ಗಳಿಸಿಕೊಂಡರು. 1945ರಲ್ಲಿ ಕೊಡಗು ಶಾಸನ ಪರಿಷತ್ತಿಗೆ ಆಯ್ಕೆಯಾಗಿ ಅಲ್ಲಿಯ ಕಾಂಗ್ರೆಸ್ ಪಕ್ಷದ ನಾಯಕರಾದರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. 1920ರ ನಾಗಪುರ ಅಧಿವೇಶನದ ತರುವಾಯ ಕಾಂಗ್ರೆಸ್ಸು ತನ್ನ ಪ್ರಾಂತೀಯ ಘಟಕಗಳನ್ನು ಭಾಷೆಯ ಆಧಾರದ ಮೇಲೆ ಪುನಾರಚಿಸಿಕೊಂಡಾಗ ಕೊಡಗು ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ಸಿನ ವ್ಯಾಪ್ತಿಗೆ ಸೇರಿತ್ತು. ಆಡಳಿತದ ನಕ್ಷೆಯಲ್ಲಿ ಕೊಡಗು ಪ್ರತ್ಯೇಕವಾಗಿದ್ದರೂ ಚಳವಳಿಯ ನಕ್ಷೆಯಲ್ಲಿ ಅದು ಕರ್ನಾಟಕದ ಒಂದು ಜಿಲ್ಲೆಯೇ ಆಗಿತ್ತು. ಪೂಣಚ್ಚನವರ ಪೀಳಿಗೆಯವರು ಧಾರವಾಡ, ಬೆಳಗಾವಿ, ಮಂಗಳೂರುಗಳ ಕಾರ್ಯಕರ್ತರನ್ನು ಒಂದೇ ಪ್ರಾಂತದ ಸಹೋದ್ಯೋಗಿಗಳೆಂದು ಕಂಡವರು. ವಿಲೀನದ ಪರವಾದ ಅವರ ನಿಲುವು 1950ರ ದಶಕದ ಅಧಿಕಾರದ ಲೆಕ್ಕಾಚಾರದಿಂದ ಮಾತ್ರ ಹುಟ್ಟಿದ್ದಲ್ಲ. ಅದರ ಬೇರು ಈ ಸಂಘಟನೆಯ ಅನುಭವದಲ್ಲಿದೆ.

ಸಂವಿಧಾನ ಸಭೆಯಲ್ಲಿ ಕೊಡಗಿಗೆ ಇದ್ದುದು ಒಂದೇ ಸ್ಥಾನ. ಅದನ್ನು ಪ್ರತಿನಿಧಿಸಿದವರು ಪೂಣಚ್ಚನವರು. ಮುನ್ನೂರಕ್ಕೆ ಸಮೀಪದ ಸದಸ್ಯರ ನಡುವೆ ಒಂದು ಇಡೀ ಪ್ರಾಂತದ ಏಕೈಕ ಪ್ರತಿನಿಧಿಯಾಗಿ ಕುಳಿತ ಈ ಅನುಭವವು ಸಣ್ಣ ಘಟಕವೊಂದರ ದನಿಯ ಮಿತಿಯನ್ನು ಅವರಿಗೆ ನೇರವಾಗಿ ತೋರಿಸಿಕೊಟ್ಟಿರಬೇಕು.

ಇಬ್ಬರು ಮಂತ್ರಿಗಳ ರಾಜ್ಯ

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಕೊಡಗು ಸಿ ಭಾಗದ ರಾಜ್ಯಗಳಲ್ಲಿ ಒಂದಾಯಿತು. ಅದರ ವಿಸ್ತೀರ್ಣ ಸುಮಾರು 1,586 ಚದರ ಮೈಲಿ. 1951ರ ಜನಗಣತಿಯಂತೆ ಜನಸಂಖ್ಯೆ 2,29,405. ಸಿ ಭಾಗದ ರಾಜ್ಯಗಳ ಸರಕಾರ ಅಧಿನಿಯಮ 1951ರಲ್ಲಿ ಅಂಗೀಕಾರವಾದ ಮೇಲೆ ಅಜ್ಮೀರ, ಭೋಪಾಲ, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯ ಪ್ರದೇಶಗಳ ಜೊತೆಗೆ ಕೊಡಗಿಗೂ ವಿಧಾನಸಭೆ ಲಭಿಸಿತು. ಅದರ ಸದಸ್ಯರ ಸಂಖ್ಯೆ 24.

ಈ ರಾಜ್ಯದ ಅಧಿಕಾರದ ಸ್ವರೂಪವನ್ನು ಅರಿಯದೆ ಅದರ ನಾಯಕತ್ವವನ್ನು ಅಳೆಯಲಾಗದು. ಚೀಫ್ ಕಮಿಷನರರು ರಾಷ್ಟ್ರಪತಿಗಳ ಪ್ರತಿನಿಧಿ. ಮಂತ್ರಿಮಂಡಲದ ಸಭೆಗಳ ಅಧ್ಯಕ್ಷತೆ ವಹಿಸುತ್ತಿದ್ದವರು ಮುಖ್ಯಮಂತ್ರಿಯಲ್ಲ, ಚೀಫ್ ಕಮಿಷನರರು. ಮಂತ್ರಿಗಳಿಗೂ ಅವರಿಗೂ ಭಿನ್ನಾಭಿಪ್ರಾಯ ಉಂಟಾದರೆ ವಿಷಯ ರಾಷ್ಟ್ರಪತಿಗಳ ನಿರ್ಣಯಕ್ಕೆ ಹೋಗಬೇಕಿತ್ತು. ವಿಧಾನಸಭೆ ಅಂಗೀಕರಿಸಿದ ಮಸೂದೆಯೂ ರಾಷ್ಟ್ರಪತಿಗಳ ಒಪ್ಪಿಗೆಯಿಲ್ಲದೆ ಕಾನೂನಾಗುತ್ತಿರಲಿಲ್ಲ. ರಾಜ್ಯಸಭೆಯಲ್ಲಿ ಕೊಡಗಿಗೆ ಸ್ವತಂತ್ರ ಸ್ಥಾನವೂ ಇರಲಿಲ್ಲ. ದೂರದ ಅಜ್ಮೀರದೊಂದಿಗೆ ಒಂದು ಸ್ಥಾನವನ್ನು ಹಂಚಿಕೊಳ್ಳಬೇಕಾಗಿತ್ತು. ಹೆಸರಿಗೆ ರಾಜ್ಯವಾದರೂ ನಿರ್ಣಾಯಕ ಅಧಿಕಾರ ದೆಹಲಿಯಲ್ಲಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

1952ರ ಚುನಾವಣೆಯಲ್ಲಿ ಪೂಣಚ್ಚನವರ ನೇತೃತ್ವದ ಕಾಂಗ್ರೆಸ್ಸಿಗೆ ಎದುರಾಗಿ ನಿಂತವರು ಪಂದ್ಯಂಡ ಬೆಳ್ಯಪ್ಪನವರು. ಕೊಡಗಿನ ಗಾಂಧಿ ಎಂದು ಜನಮನ್ನಣೆ ಪಡೆದಿದ್ದ ಬೆಳ್ಯಪ್ಪನವರು ಪತ್ರಕರ್ತರಾಗಿ, ಚಳವಳಿಯ ನಾಯಕರಾಗಿ ಪೂಣಚ್ಚನವರಿಗಿಂತ ಹಿರಿಯರು. ಕೊಡಗು ಪ್ರತ್ಯೇಕ ರಾಜ್ಯವಾಗಿಯೇ ಉಳಿಯಬೇಕೆಂಬುದು ಅವರ ಪಕ್ಷದ ನಿಲುವು. ತಕ್ಕಡಿಯನ್ನು ಗುರುತಾಗಿ ಹೊಂದಿದ್ದರಿಂದ ಅದು ತಕ್ಕಡಿ ಪಕ್ಷವೆಂದೇ ಹೆಸರಾಯಿತು. ಫಲಿತಾಂಶದಲ್ಲಿ ಕಾಂಗ್ರೆಸ್ಸಿಗೆ 15, ತಕ್ಕಡಿ ಪಕ್ಷಕ್ಕೆ 9 ಸ್ಥಾನಗಳು ದೊರೆತವು.

ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ವಿಲೀನದ ಪರವಾದ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದಿತು ಎಂಬುದು ಒಂದು ಓದು. ಮೂರನೆಯ ಒಂದು ಭಾಗಕ್ಕೂ ಮಿಕ್ಕ ಸ್ಥಾನಗಳು ವಿಲೀನವನ್ನು ವಿರೋಧಿಸಿದವರ ಪಾಲಾದವು ಎಂಬುದು ಇನ್ನೊಂದು. ಎರಡೂ ಸತ್ಯವೇ. ಮುಖ್ಯವಾದ ಸಂಗತಿಯೆಂದರೆ, ಇಲ್ಲಿ ಎದುರು ಬದುರಾದವರು ದೇಶಭಕ್ತರು ಮತ್ತು ಬ್ರಿಟಿಷರ ಬೆಂಬಲಿಗರಲ್ಲ. ಇಬ್ಬರೂ ಗಾಂಧಿ ಮಾರ್ಗದವರು, ಇಬ್ಬರೂ ಸೆರೆಮನೆ ಕಂಡವರು. ಸ್ವಾತಂತ್ರ್ಯವೆಂದರೆ ಸಣ್ಣ ಸಮುದಾಯದ ಸ್ವಯಮಾಡಳಿತವೇ ಅಥವಾ ದೊಡ್ಡ ಭಾಷಿಕ ಸಮುದಾಯದಲ್ಲಿ ಸಮಪಾಲೇ ಎಂಬ ಪ್ರಶ್ನೆಗೆ ಅವರು ಭಿನ್ನ ಉತ್ತರಗಳನ್ನು ಕಂಡುಕೊಂಡಿದ್ದರು.

1952ರ ಮಾರ್ಚ್‌ನಲ್ಲಿ ಪೂಣಚ್ಚನವರು ಮುಖ್ಯಮಂತ್ರಿಯಾದರು. ಅವರ ಮಂತ್ರಿಮಂಡಲದಲ್ಲಿ ಅವರಲ್ಲದೆ ಇದ್ದವರು ಕೆ. ಮಲ್ಲಪ್ಪನವರು ಮಾತ್ರ. ಇಬ್ಬರೇ ಮಂತ್ರಿಗಳಿದ್ದ ಈ ಸರಕಾರದಲ್ಲಿ ಜನರಿಗೂ ಅಧಿಕಾರಕ್ಕೂ ನಡುವಣ ಅಂತರ ಅತ್ಯಲ್ಪವಾಗಿತ್ತು. ಸರಾಸರಿ ಸುಮಾರು 9,500 ಜನರಿಗೆ ಒಬ್ಬ ಶಾಸಕ. ರಾಜ್ಯದ ಯಾವ ಮೂಲೆಯಿಂದ ಹೊರಟರೂ ಒಂದೇ ದಿನದಲ್ಲಿ ಮಡಿಕೇರಿಯನ್ನು ತಲುಪಿ ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಪ್ರತ್ಯೇಕ ರಾಜ್ಯದ ಪರವಾಗಿದ್ದವರು ಕಾಪಾಡಿಕೊಳ್ಳಬಯಸಿದ್ದು ಈ ಸಾಮೀಪ್ಯವನ್ನು. ಅದು ಕೇವಲ ಭಾವುಕತೆಯಾಗಿರಲಿಲ್ಲ.

ಸಾಮೀಪ್ಯ ಮತ್ತು ಸಾಮರ್ಥ್ಯ

ಸಣ್ಣ ರಾಜ್ಯವು ಜನರಿಗೆ ಹತ್ತಿರವಾಗಿತ್ತು. ಆದರೆ ದೊಡ್ಡ ಕಾರ್ಯಗಳಿಗೆ ಅದರ ಶಕ್ತಿ ಸಾಲುತ್ತಿರಲಿಲ್ಲ. ಕಾಫಿ, ಏಲಕ್ಕಿ, ಕಿತ್ತಳೆ, ಕರಿಮೆಣಸು, ಕಾಡಿನ ಉತ್ಪನ್ನ ಇವು ಕೊಡಗಿನ ಆರ್ಥಿಕ ಬಲ. ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಆರಂಭವಾದದ್ದು 1949ರಲ್ಲಿ. ಸ್ವಂತ ವಿಶ್ವವಿದ್ಯಾಲಯವಾಗಲಿ, ದೊಡ್ಡ ವಿದ್ಯುತ್ ಯೋಜನೆಯಾಗಲಿ, ನೀರಾವರಿಯಾಗಲಿ ಎರಡು ಲಕ್ಷ ಚಿಲ್ಲರೆ ಜನಸಂಖ್ಯೆಯ ರಾಜ್ಯಕ್ಕೆ ಎಟುಕುವಂತಿರಲಿಲ್ಲ.

ಇದನ್ನು ಅದೇ ವರ್ಷಗಳ ನೆರೆಯ ಮೈಸೂರಿನೊಂದಿಗೆ ಹೋಲಿಸಿದರೆ ವ್ಯತ್ಯಾಸ ಎದ್ದುಕಾಣುತ್ತದೆ. ತರೀಕೆರೆ ಸೀಮೆಯ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟುವ ಕೆಲಸವನ್ನು ಮೈಸೂರು ರಾಜ್ಯ 1940ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡು 1960ರ ದಶಕದಲ್ಲಿ ಪೂರೈಸಿತು. ಮಲೆನಾಡಿನಲ್ಲಿ ಹುಟ್ಟಿದ ನದಿಯ ನೀರು ಶಿವಮೊಗ್ಗ, ದಾವಣಗೆರೆ ಭಾಗದ ಬಯಲಿಗೆ ಹರಿಯಿತು. ಕಾವೇರಿಯ ಉಗಮಸ್ಥಾನವನ್ನೇ ಹೊಂದಿದ್ದ ಕೊಡಗು ರಾಜ್ಯಕ್ಕೆ ಅಂಥ ಒಂದು ಯೋಜನೆಯನ್ನು ಯೋಚಿಸುವುದೂ ಕಷ್ಟವಾಗಿತ್ತು. ಕಾವೇರಿಯ ಉಪನದಿ ಹಾರಂಗಿಗೆ ಅಣೆಕಟ್ಟು ಬಂದದ್ದು ವಿಲೀನವಾಗಿ ಎರಡು ದಶಕಗಳು ಕಳೆದ ಮೇಲೆ. ಹೋಲಿಕೆಯ ಇನ್ನೊಂದು ಮುಖವನ್ನೂ ಹೇಳಬೇಕು. ಲಕ್ಕವಳ್ಳಿಯ ಕಾಡು ಮತ್ತು ಹಳ್ಳಿಗಳು ಮುಳುಗಿ ಬಯಲು ಹಸುರಾದಂತೆ, ಹಾರಂಗಿಯ ನೀರಿನ ಹೆಚ್ಚಿನ ಪ್ರಯೋಜನವೂ ಕೊಡಗಿನ ಹೊರಗಿನ ಬಯಲುಸೀಮೆಗೆ ದಕ್ಕಿತು. ದೊಡ್ಡ ರಾಜ್ಯದ ಸಾಮರ್ಥ್ಯವು ಅದರ ಅಂಚಿನಲ್ಲಿರುವವರಿಗೆ ತಾನಾಗಿ ಒದಗಿಬರುವುದಿಲ್ಲ ಎಂಬುದಕ್ಕೆ ಮಲೆನಾಡಿನ ಈ ಎರಡೂ ನದಿಗಳು ಸಾಕ್ಷಿ.

1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗವು ಸಿ ಭಾಗದ ರಾಜ್ಯಗಳೆಂಬ ವರ್ಗವನ್ನೇ ರದ್ದುಪಡಿಸಲು ಶಿಫಾರಸು ಮಾಡಿ, ಕೊಡಗನ್ನು ಕರ್ನಾಟಕದಲ್ಲಿ ಸೇರಿಸಬೇಕೆಂದು ಸೂಚಿಸಿತು. ಇಲ್ಲಿ ಪೂಣಚ್ಚನವರ ಪಾತ್ರವನ್ನು ಉತ್ಪ್ರೇಕ್ಷಿಸಬಾರದು, ಅಲ್ಲಗಳೆಯಲೂಬಾರದು. ಆ ವರ್ಗವೇ ರದ್ದಾಗುವುದಿದ್ದರೆ ಕೊಡಗು ಪ್ರತ್ಯೇಕವಾಗಿ ಉಳಿಯುವ ಸಾಧ್ಯತೆ ತೀರ ಕಡಿಮೆಯಿತ್ತು. ಆದರೆ ವಿಲೀನವು ಮೇಲಿನಿಂದ ಬಂದ ಆಜ್ಞೆಯಾಗಿ ಮಾತ್ರ ಉಳಿಯದೆ, ಚುನಾಯಿತ ಸರಕಾರವೊಂದರ ಒಪ್ಪಿಗೆಯೊಂದಿಗೆ ನಡೆದದ್ದು 1952ರ ಜನಾದೇಶದ ಕಾರಣದಿಂದ. ಏಕೀಕರಣದ ಪ್ರಶ್ನೆಯನ್ನು ಕರ್ನಾಟಕದ ಬೇರೆ ಭಾಗಗಳಲ್ಲಿ ಸಮಿತಿಗಳು, ಸತ್ಯಾಗ್ರಹಗಳು, ಶಾಸನಸಭೆಯ ಚರ್ಚೆಗಳು ನಿಭಾಯಿಸಿದವು. ಕೊಡಗಿನಲ್ಲಿ ಅದು ಮತದಾರನ ಮುಂದೆ ಎರಡು ಪಕ್ಷಗಳ ರೂಪದಲ್ಲಿ ನಿಂತಿತ್ತು. ಈ ವೈಶಿಷ್ಟ್ಯಕ್ಕೆ ಏಕೀಕರಣದ ಅಧ್ಯಯನಗಳಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲ.

1956ರ ಅಕ್ಟೋಬರ್ 31ರಂದು ಪೂಣಚ್ಚನವರ ಮುಖ್ಯಮಂತ್ರಿ ಪದವಿ ಕೊನೆಗೊಂಡಿತು. ಅದೇ ದಿನ ಹಳೆಯ ಮೈಸೂರಿನ ಮುಖ್ಯಮಂತ್ರಿ ಕಡಿದಾಳ್ ಮಂಜಪ್ಪನವರೂ ಅಧಿಕಾರದಿಂದ ಇಳಿದರು. ಮರುದಿನ ಎಸ್. ನಿಜಲಿಂಗಪ್ಪನವರು ವಿಶಾಲ ಮೈಸೂರಿನ ಮುಖ್ಯಮಂತ್ರಿಯಾದರು. ಮಲೆನಾಡಿನ ಎರಡು ತುದಿಗಳಿಂದ ಬಂದ ಇಬ್ಬರು ಮುಖ್ಯಮಂತ್ರಿಗಳ ಅವಧಿ ಹೊಸ ರಾಜ್ಯಕ್ಕಾಗಿ ಒಟ್ಟಿಗೆ ಮುಗಿಯಿತು. ಆದರೆ ಒಂದು ವ್ಯತ್ಯಾಸವಿತ್ತು. ಮಂಜಪ್ಪನವರು ಬಿಟ್ಟುಕೊಟ್ಟದ್ದು ಪದವಿಯನ್ನು. ಅವರ ರಾಜ್ಯದ ಹೆಸರೂ ರಾಜಧಾನಿಯೂ ಮುಂದುವರಿದವು. ಪೂಣಚ್ಚನವರ ವಿಷಯದಲ್ಲಿ ಪದವಿಯ ಜೊತೆಗೆ ರಾಜ್ಯವೂ ಇಲ್ಲವಾಯಿತು, ಮಡಿಕೇರಿ ಜಿಲ್ಲಾ ಕೇಂದ್ರವಾಯಿತು.

ವಿಲೀನದ ನಂತರ

ಪೂಣಚ್ಚನವರು ಹೊಸ ರಾಜ್ಯದ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದರು. ಮುಂದೆ ಅವರ ಕಾರ್ಯಕ್ಷೇತ್ರ ಕ್ರಮೇಣ ದೆಹಲಿಗೆ ಸ್ಥಳಾಂತರಗೊಂಡಿತು. 1963ರವರೆಗೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದರು. 1964ರಲ್ಲಿ ರಾಜ್ಯಸಭೆಯನ್ನು ಪ್ರವೇಶಿಸಿದರು. 1967ರಲ್ಲಿ ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿ ರೈಲ್ವೆ ಖಾತೆಯನ್ನು ಹೊತ್ತರು. 1969ರ ಫೆಬ್ರವರಿಯವರೆಗೆ ಆ ಖಾತೆಯಲ್ಲಿದ್ದು ಬಳಿಕ ಉಕ್ಕಿನ ಖಾತೆಗೆ ಬಂದರು.

ಕೊಡಗಿನಂಥ ಸಣ್ಣ ಸೀಮೆಯ ನಾಯಕನೊಬ್ಬ ಇಡೀ ದೇಶದ ರೈಲ್ವೆಯ ಹೊಣೆ ಹೊತ್ತದ್ದು ವಿಲೀನದ ಪರವಾದ ವಾದಕ್ಕೆ ಬಲವಾದ ಪುರಾವೆಯಂತೆ ಕಾಣುತ್ತದೆ. ದೊಡ್ಡ ರಾಜಕೀಯ ಘಟಕದೊಳಗೆ ಸಣ್ಣ ಪ್ರದೇಶದವರಿಗೂ ಎತ್ತರದ ಅವಕಾಶಗಳು ತೆರೆದುಕೊಂಡವು. ಆದರೆ ಅದೇ ಖಾತೆಯ ನಕ್ಷೆಯಲ್ಲಿ ಕೊಡಗು ಖಾಲಿಯಾಗಿಯೇ ಉಳಿಯಿತು. 1960ರ ದಶಕದಲ್ಲಿ ಕೆಲಸ ನಡೆದಿದ್ದ ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಪೂರ್ಣಗೊಂಡಾಗ ಅದು ಸಕಲೇಶಪುರ, ಸುಬ್ರಹ್ಮಣ್ಯಗಳ ಮೂಲಕ ಕೊಡಗಿನ ಉತ್ತರಕ್ಕೆ ಹಾದುಹೋಯಿತು. ಕೊಡಗು ಜಿಲ್ಲೆಯಲ್ಲಿ ಇಂದಿಗೂ ರೈಲು ಮಾರ್ಗವಿಲ್ಲ. ಇದನ್ನು ಒಬ್ಬ ಮಂತ್ರಿಯ ಲೋಪವೆಂದು ಎಣಿಸುವುದು ಸರಿಯಲ್ಲ. ಘಟ್ಟದ ಭೂರಚನೆ, ಕಾಡು, ವೆಚ್ಚ ಇವೆಲ್ಲ ಅದಕ್ಕೆ ಕಾರಣಗಳು. ಆದರೆ ವ್ಯಕ್ತಿಯ ಏಳಿಗೆಯೂ ಪ್ರದೇಶದ ಏಳಿಗೆಯೂ ಒಂದೇ ಅಲ್ಲ ಎಂಬುದನ್ನು ಈ ಸಂಗತಿ ನೆನಪಿಸುತ್ತದೆ.

1978ರಲ್ಲಿ ಪೂಣಚ್ಚನವರು ಮಧ್ಯಪ್ರದೇಶದ ರಾಜ್ಯಪಾಲರಾದರು. ಆ ರಾಜ್ಯವೂ ಈಗಿನ ರೂಪ ಪಡೆಯತೊಡಗಿದ್ದು 1956ರ ನವೆಂಬರ್ 1ರಂದೇ. ಕೊಡಗಿನಂತೆಯೇ ಸಿ ಭಾಗದ ರಾಜ್ಯಗಳಾಗಿದ್ದ ಭೋಪಾಲ ಮತ್ತು ವಿಂಧ್ಯ ಪ್ರದೇಶಗಳು ಅಂದು ಅದರಲ್ಲಿ ಲೀನವಾಗಿದ್ದವು. 1980ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಅಲ್ಲಿಯ ಚುನಾಯಿತ ಸರಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಳ್ವಿಕೆಯನ್ನು ಜಾರಿಗೊಳಿಸಿದಾಗ ರಾಜಭವನದಲ್ಲಿದ್ದವರು ಅವರು. ಒಮ್ಮೆ ಚೀಫ್ ಕಮಿಷನರರ ಅಧ್ಯಕ್ಷತೆಯಲ್ಲಿ ಮಂತ್ರಿಮಂಡಲದ ಸಭೆಗೆ ಕುಳಿತಿದ್ದವರು ಈಗ ಕೇಂದ್ರದ ಪ್ರತಿನಿಧಿಯಾಗಿ ಕೊಡಗಿಗಿಂತ ನೂರು ಪಟ್ಟಿಗೂ ಹೆಚ್ಚು ವಿಸ್ತಾರವಾದ ರಾಜ್ಯವೊಂದರ ಆಡಳಿತದ ಮೇಲ್ವಿಚಾರಣೆ ವಹಿಸಿದ್ದರು. ಅದೇ ವರ್ಷ ಒರಿಸ್ಸಾಕ್ಕೆ ವರ್ಗಾವಣೆಗೊಂಡು 1983ರವರೆಗೆ ಅಲ್ಲಿಯ ರಾಜ್ಯಪಾಲರಾಗಿದ್ದರು. 1990ರ ಆಗಸ್ಟ್ 7ರಂದು ನಿಧನರಾದರು.

ಮೌಲ್ಯಮಾಪನ

ಅವರ ನಿಧನದ ದಶಕದಲ್ಲಿಯೇ ಪ್ರತ್ಯೇಕ ಕೊಡಗಿನ ಬೇಡಿಕೆ ಮತ್ತೆ ಕೇಳಿಬಂದಿತು. ಸಿ ಭಾಗದ ರಾಜ್ಯದ ಆರು ವರ್ಷಗಳು ಆ ಬೇಡಿಕೆಗೆ ಐತಿಹಾಸಿಕ ಆಧಾರವಾದವು. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಗಿ ಕೊಡವ ಭಾಷೆಗೆ ಕರ್ನಾಟಕದೊಳಗೆ ಒಂದು ಸಾಂಸ್ಥಿಕ ಮನ್ನಣೆ ದೊರೆಯಿತು. ಏಕೀಕರಣವು ಎಲ್ಲ ಭಾಷಿಕ ಅಸ್ಮಿತೆಗಳನ್ನು ಅಳಿಸಿ ಒಂದಾಗಿಸುವ ಕ್ರಿಯೆಯಾಗಬೇಕಿಲ್ಲ ಎಂಬುದರ ಒಪ್ಪಿಗೆ ಅದು. ವಿಲೀನದ ದಿನ ದೊರೆಯಬೇಕಿದ್ದ ಈ ಮನ್ನಣೆಗೆ ಮೂವತ್ತೆಂಟು ವರ್ಷಗಳು ಹಿಡಿದವು. ಪ್ರಾತಿನಿಧ್ಯದ ಕಥೆ ವಿರುದ್ಧ ದಿಕ್ಕಿನದು. 24 ಶಾಸಕರಿದ್ದ ಸೀಮೆ ಕ್ರಮೇಣ ಮೂರು ವಿಧಾನಸಭಾ ಕ್ಷೇತ್ರಗಳ ಜಿಲ್ಲೆಯಾಯಿತು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಇಲ್ಲವಾಗಿ ಮಡಿಕೇರಿ ಮತ್ತು ವಿರಾಜಪೇಟೆ ಎರಡೇ ಉಳಿದವು.

ಪೂಣಚ್ಚನವರ ನಿರ್ಣಯವನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಅವರು ಮುನ್ನಡೆಸಿದ ರಾಜ್ಯಕ್ಕೆ ಹೆಸರಿತ್ತು, ಪೂರ್ಣಾಧಿಕಾರವಿರಲಿಲ್ಲ. ಅಂಥ ಅರೆ ಸ್ವಾಯತ್ತತೆಯನ್ನು ಕಾಯ್ದುಕೊಳ್ಳುವುದಕ್ಕಿಂತ ಪೂರ್ಣಾಧಿಕಾರವುಳ್ಳ ರಾಜ್ಯದ ಒಂದು ಭಾಗವಾಗುವುದು ಲೇಸೆಂಬ ತರ್ಕದಲ್ಲಿ ಹುರುಳಿತ್ತು. ಸ್ವಂತ ಪದವಿಯ ಮೋಹವನ್ನು ಮೀರಿ ಆ ತರ್ಕಕ್ಕೆ ಬದ್ಧರಾದದ್ದು ಅವರ ವ್ಯಕ್ತಿತ್ವದ ಗಟ್ಟಿ ಅಂಶ. ಆದರೆ ಬೆಳ್ಯಪ್ಪನವರ ಪಕ್ಷ ಎತ್ತಿದ ಆತಂಕವೂ ನಿರಾಧಾರವಾಗಿರಲಿಲ್ಲ ಎಂಬುದನ್ನು ಮುಂದಿನ ಅರ್ಧ ಶತಮಾನ ತೋರಿಸಿತು. ಸಣ್ಣ ಸೀಮೆಯೊಂದು ದೊಡ್ಡ ರಾಜ್ಯವನ್ನು ನಂಬಿ ಸೇರಿದಾಗ ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಸೇರಿದವರಿಗಿಂತ ಸೇರಿಸಿಕೊಂಡವರ ಮೇಲೆ ಹೆಚ್ಚು. ಏಕೀಕರಣದ ಚರಿತ್ರೆಯು ಕೊಡಗಿಗೆ ಕೊಟ್ಟಿರುವ ಒಂದು ವಾಕ್ಯವನ್ನು ವಿಸ್ತರಿಸಿ ಬರೆಯುವಾಗ ಪೂಣಚ್ಚನವರ ಹದಿನೈದು ಸ್ಥಾನಗಳ ಜೊತೆಗೆ ಬೆಳ್ಯಪ್ಪನವರ ಒಂಬತ್ತು ಸ್ಥಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.